ಹಲ್ಲಿನ ಕಲೆ ನಮ್ಮ ಕೊಳೆಯಲ್ಲ

ಮೊದಲು ಒಂದು ಹಾಸ್ಟೆಲ್ಲಿನ ಸಂಗತಿ. ಯಾವ ಹಾಸ್ಟೆಲ್ಲು, ಯಾರ ಮಗ ಎಂಬುದು ಬೇಡ. ಚನ್ನರಾಯಪಟ್ಟಣದ ಕಡೆಯ ಒಂದು ಕೇರಿಯಿಂದ ಪಿಯುಸಿ ಓದಲು ಬಂದ ಹುಡುಗ. ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆ. ಒಂದು ದಿನ ಮೇಷ್ಟ್ರೊಬ್ಬರು ಅವನನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, "ಮೊದ್ಲು ಹಲ್ಲುಜ್ಜೋದ್ ಕಲಿಯೋ. ನಿಮ್ ಜನಕ್ಕೆ ಶುಚಿ ಅಂದ್ರೇನು ಅಂತ್ಲೇ ಗೊತ್ತಿಲ್ಲ" ಎಂದರು. ತರಗತಿ ನಕ್ಕಿತು. ನಾಚಿಕೆಗೇಡು ಎಂದರೆ ನಮ್ಮ ಹಾಸ್ಟೆಲ್ಲಿನವರೂ ನಕ್ಕರು. ಆ ನಗುವಿನಲ್ಲಿ ನಾವೂ ಇದ್ದೆವು. ಅದಕ್ಕೇ ಈ ಬರಹ.

ಅವತ್ತಿನಿಂದ ಆ ಹುಡುಗ ಇದ್ದಿಲು, ಬೂದಿ, ಉಪ್ಪು ಎಲ್ಲ ಹಾಕಿ ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದ. ಕಲೆ ಹೋಗಲಿಲ್ಲ. ಅದು ಉಜ್ಜಿದರೆ ಹೋಗುವ ಕಲೆಯೇ ಅಲ್ಲ. ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲು ಬೆಳೆಯುವಾಗಲೇ ಅದರೊಳಗೆ ಸೇರಿಕೊಂಡ ಗುರುತು. ಎಂಟು ವರ್ಷದೊಳಗಿನ ಮಗು ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಕವಚ ಕೆಡುತ್ತದೆ. ಹಲ್ಲು ಹೊರಗೆ ಬರುವಾಗಲೇ ಕೆಟ್ಟು ಬರುತ್ತದೆ. ಇದರ ಹೆಸರು ಫ್ಲೋರೋಸಿಸ್. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಸೀಮೆಯಲ್ಲಿ. ಹತ್ತಿರ ಹತ್ತಿರ ತೊಂಬತ್ತು ವರ್ಷವಾಯಿತು. ಆ ಮೇಷ್ಟ್ರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಆ ಹುಡುಗನ ಹಲ್ಲಿನ ಮೇಲೆ ಬರೆದಿರುವುದು ಅವನ ಜಾತಿಯ ಶುಚಿಯಲ್ಲ, ಅವನ ಕೇರಿಯ ಬೋರಿನ ಆಳ. ಈ ಮಾತು ಹೇಗೆ ಎಂದು ಹೇಳಬೇಕು. ಅದಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು. ಓದಲು ಬಂದವರು ನಾವು, ಓದೋಣ.

ಮಳೆ, ಕಲ್ಲು, ಬಿಸಿಲು

ಸಕಲೇಶಪುರದಲ್ಲಿ ಬಸ್ಸು ಹತ್ತಿ ಹಾಸನದ ಮೇಲೆ ಚನ್ನರಾಯಪಟ್ಟಣಕ್ಕೆ ಬನ್ನಿ. ದಾರಿ ಸುಮಾರು 80 ಕಿಲೋಮೀಟರು. ಸಕಲೇಶಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 2000 ಮಿಲಿಮೀಟರಿಗೂ ಹೆಚ್ಚು. ಹಾಸನ, ಅರಕಲಗೂಡು ಕಡೆ ಬಂದರೆ 900ರ ಆಸುಪಾಸು. ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೆ ಬಂದರೆ 700ರ ಆಸುಪಾಸು. ಒಂದೇ ಜಿಲ್ಲೆ, ಎರಡು ತಾಸಿನ ದಾರಿ, ಮಳೆ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಕೆಳಗಿನ ಕಲ್ಲು ಮಾತ್ರ ಅಷ್ಟೇನೂ ಬದಲಾಗುವುದಿಲ್ಲ. ಹೆಚ್ಚಿನ ಕಡೆ ಗ್ನೈಸು, ಗ್ರಾನೈಟು. ನಡುವೆ ಹೊಳೆನರಸೀಪುರದ ಶಿಸ್ಟ್ ಕಲ್ಲಿನ ಪಟ್ಟಿ. ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ ಕಲ್ಲು ಅದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸಿದ್ದು ಗ್ರಾನೈಟಿನ ಬೆಟ್ಟದಲ್ಲೇ. ಇಂಥ ಕಲ್ಲು ನೀರನ್ನು ಮರಳಿನಂತೆ ಒಡಲೆಲ್ಲ ತುಂಬಿಕೊಳ್ಳುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಒಂದಿಷ್ಟು, ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು, ಅಷ್ಟೇ ನೀರು.

ಮೋಡದಿಂದ ಬೀಳುವ ಹನಿಯಲ್ಲಿ ಉಪ್ಪು ಇರುವುದು ತೀರಾ ಕಡಿಮೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಕರಗಿ ಅದು ಸ್ವಲ್ಪ ಹುಳಿಯಾಗಿರುತ್ತದೆ. ಮಣ್ಣಿನೊಳಗೆ ಬೇರು, ಹುಳ, ಕೊಳೆತ ಎಲೆ ಉಸಿರಾಡುವ ಜಾಗದಲ್ಲಿ ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲನ್ನು ಮೆಲ್ಲಗೆ ತಿನ್ನುತ್ತದೆ. ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಬಿಟ್ಟುಕೊಳ್ಳುತ್ತವೆ. ಕಾಗೆಬಂಗಾರ ಎನ್ನುತ್ತೇವಲ್ಲ, ಆ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಿಂದ ಫ್ಲೋರೈಡ್ ಬಿಟ್ಟುಕೊಳ್ಳುತ್ತದೆ.

ಇಲ್ಲಿಯ ತನಕ ಮಲೆನಾಡಿಗೂ ಬಯಲಿಗೂ ಲೆಕ್ಕ ಒಂದೇ. ಇಲ್ಲಿಂದ ಮುಂದೆ ಹವಾಮಾನದ ಕೈ ಕಾಣುತ್ತದೆ.

ಮಲೆನಾಡಿನಲ್ಲಿ ಮಳೆ ಹೆಚ್ಚು, ನೀರು ಬೇಗ ಬೇಗ ಹರಿದು ಹೊಳೆ ಸೇರುತ್ತದೆ. ಕಲ್ಲಿನಿಂದ ಬಿಟ್ಟ ಉಪ್ಪನ್ನು ವರ್ಷ ವರ್ಷವೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಅಲ್ಲಿನ ಬಾವಿ ನೀರಿನಲ್ಲಿ ಲವಣ ಕಡಿಮೆ. ಬಯಲಿನಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಬಿದ್ದ ನೀರಿನ ಬಹುಪಾಲು ಆವಿಯಾಗಿ ಮೇಲಕ್ಕೇ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಒಲೆಯ ಮೇಲೆ ಸಾರು ಬತ್ತಿದರೆ ಉಪ್ಪುಪ್ಪಾಗುತ್ತದಲ್ಲ, ಹಾಗೆ. ಒಳಗೆ ಇಳಿದ ಅಷ್ಟಿಷ್ಟು ನೀರು ಬಿರುಕಿನಲ್ಲಿ ವರ್ಷಗಟ್ಟಲೆ ಕೂತು ಕಲ್ಲನ್ನು ನೆಕ್ಕುತ್ತಲೇ ಇರುತ್ತದೆ.

ಇನ್ನೊಂದು ಸಂಗತಿ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ತಡೆದು ಹಿಡಿಯುತ್ತದೆ. ಎರಡೂ ಕೂಡಿ ಕರಗದ ವಸ್ತುವಾಗಿ ತಳಕ್ಕೆ ಕೂರುತ್ತವೆ. ಆದರೆ ಒಣ ಸೀಮೆಯಲ್ಲಿ ನೀರು ಬತ್ತುವಾಗ ಮೊದಲು ಕ್ಯಾಲ್ಸಿಯಮ್ಮೇ ಸುಣ್ಣವಾಗಿ ಮಣ್ಣಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಹೊಲ ಅಗೆದರೆ ಸಿಗುವ ಬಿಳಿ ಸುಣ್ಣದ ಉಂಡೆಗಳು ಅವೇ. ಕಾವಲಿಗಿದ್ದ ಕ್ಯಾಲ್ಸಿಯಂ ಹೊರಟುಹೋದ ಮೇಲೆ ನೀರು ಸೋಡಿಯಂ, ಬೈಕಾರ್ಬನೇಟುಗಳಿಂದ ಕ್ಷಾರವಾಗುತ್ತದೆ. ಫ್ಲೋರೈಡಿಗೆ ಅಡ್ಡಿ ಹೇಳುವವರಿಲ್ಲ.

ಇದರಿಂದ ಒಂದು ಪಾಠ. ಬೇಳೆ ಬೇಯದ, ಸೋಪು ನೊರೆ ಬಾರದ ಗಡಸು ನೀರನ್ನು ನಮ್ಮ ತಾಯಂದಿರು ಒಂದೇ ಗುಟುಕಿಗೆ ಗುರುತಿಸುತ್ತಾರೆ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. "ನಮ್ ಬೋರಿನ್ ನೀರು ಸಿಹಿಯಾಗೈತೆ, ಬೇಳೆ ಚೆನ್ನಾಗ್ ಬೇಯ್ತದೆ" ಎಂದು ನೆಮ್ಮದಿಯಾಗಿರುವ ಕೇರಿಯ ನೀರಿನಲ್ಲೇ ಅದು ಹೆಚ್ಚಿರಬಹುದು. ನಾಲಿಗೆಯನ್ನು ನಂಬುವ ಹಾಗಿಲ್ಲ. ಪರೀಕ್ಷೆಯೇ ಆಗಬೇಕು. ಒಂದೇ ಊರಿನ ಎರಡು ಬೋರುಗಳ ಬಿರುಕು ಬೇರೆ ಬೇರೆ. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಊರ ಬಾಗಿಲಿನ ಬೋರಿನ ವರದಿ ತೋರಿಸಿ ಕೇರಿಯ ನೀರು ಚೆನ್ನಾಗಿದೆ ಎನ್ನುವುದು ಪಟೇಲರ ಎದೆಗೆ ಕೊಳವೆ ಇಟ್ಟು ನಮ್ಮ ಜ್ವರ ನೋಡಿದ ಹಾಗೆ.

"ಹವಾಮಾನದ ಕಾರಣ"

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ. ಇಂಜಿನಿಯರು ಇರಬಹುದು, ಪಂಚಾಯ್ತಿ ಮೆಂಬರು ಇರಬಹುದು, ಪತ್ರಿಕೆಗೆ ಬರೆಯುವ ಬುದ್ಧಿವಂತರೂ ಇರಬಹುದು. "ನೋಡಿ, ನೀವೇ ಹೇಳಿದಿರಿ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಕಲ್ಲು ಹೀಗೆ. ಇದು ಪ್ರಕೃತಿ. ಇದರಲ್ಲಿ ಜಾತಿ ಯಾಕೆ ತರ್ತೀರಿ? ಮಳೆಗೆ ಜಾತಿ ಐತಾ?"

ಇಲ್ಲ ಸ್ವಾಮಿ, ಮಳೆಗೆ ಜಾತಿಯಿಲ್ಲ. ಕಲ್ಲಿಗೂ ಇಲ್ಲ. ವಿಜ್ಞಾನ ಹೇಳಿದ್ದನ್ನು ನಾವು ಪೂರ್ತಿ ಒಪ್ಪುತ್ತೇವೆ, ನಿಮಗಿಂತ ಒಂದು ಕೈ ಹೆಚ್ಚಾಗಿಯೇ ಒಪ್ಪುತ್ತೇವೆ. ಆದರೆ ಮೋಡದಿಂದ ಬಿದ್ದ ನೀರು ನಮ್ಮ ಮಡಕೆಗೆ ಬರುವ ದಾರಿಯಲ್ಲಿ ಯಾರ್‍ಯಾರ ಜಮೀನು ದಾಟುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ, ಯಾರ ಮೋಟರು ಮೊದಲು ಎತ್ತುತ್ತದೆ, ಉಳಿದದ್ದು ಯಾರಿಗೆ ಎಂಬ ಪ್ರಶ್ನೆಗೆ ಹವಾಮಾನ ಉತ್ತರ ಕೊಡುವುದಿಲ್ಲ. ಅದಕ್ಕೆ ಊರು ಉತ್ತರ ಕೊಡಬೇಕು. ನಾವು ಕೇಳುತ್ತಿರುವುದು ಊರನ್ನು.

ಹಿಂದಿನ ಕಥೆ ನೆನಪು ಮಾಡಿಕೊಳ್ಳಿ. ಊರಿಗೆ ಸೇದುವ ಬಾವಿ ಇತ್ತು. ಇಪ್ಪತ್ತು ಮೂವತ್ತು ಅಡಿಗೆ ನೀರು. ಕೆರೆ ತುಂಬಿದ ವರ್ಷ ಬಗ್ಗಿ ಮೊಗೆಯುವಷ್ಟು ಮೇಲಕ್ಕೆ ಬರುತ್ತಿತ್ತು. ಮೇಲಿನ ಪದರದ ಆ ನೀರು ಪ್ರತಿ ಮಳೆಗಾಲಕ್ಕೂ ಹೊಸದಾಗುತ್ತಿದ್ದ ನೀರು. ಕಲ್ಲಿನ ಸಹವಾಸ ಕಡಿಮೆ ಇದ್ದ ನೀರು. ಅದು ನಮಗೆ ಸಿಗಲಿಲ್ಲ. ಬಾವಿಯಿಂದ ದೂರ ನಿಂತು ಯಾರಾದರೂ ಪುಣ್ಯಾತ್ಮರು ಹುಯ್ದರೆ ಉಂಟು, ಇಲ್ಲದಿದ್ದರೆ ಹಳ್ಳದ ಒರತೆ, ಕೆರೆಯ ದನ ಕುಡಿಯುವ ಮೂಲೆ. ವಿಚಿತ್ರ ನೋಡಿ: ಹಳೆ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಕೆರೆಯ ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಹಂಚುವ ನೀರುಗಂಟಿ ನಮ್ಮವನೇ. ಅವನು ಬಿಟ್ಟ ನೀರಿನಲ್ಲಿ ಬೆಳೆದ ಭತ್ತಕ್ಕೆ ಮೈಲಿಗೆಯಿಲ್ಲ. ಅವನ ಹೆಂಡತಿ ಬಾವಿಗೆ ಕೊಡ ಇಳಿಸಿದರೆ ಮೈಲಿಗೆ.

ಸಂವಿಧಾನ ಬಂತು. ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ತಾರತಮ್ಯ ಕೂಡದು ಎಂದು 15ನೇ ವಿಧಿ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರಲ್ಲಿ ಅದಕ್ಕೆ ಕಾಯ್ದೆಯೂ ಬಂತು. ಈಗ ಊರಿನವರಿಗೆ ಪೇಚು: ಬಾವಿಗೆ ಬರಬೇಡಿ ಎಂದರೆ ಕೇಸು, ಬನ್ನಿ ಎಂದರೆ ಮನಸ್ಸು ಒಪ್ಪದು. ಆ ಪೇಚನ್ನು ಬಿಡಿಸಿದ್ದು ಬೋರು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ರೂಪುಗೊಂಡು ಹಳ್ಳಿ ಹಳ್ಳಿಗೆ ಬಂತು. ಊರಿಗೊಂದು, ಕೇರಿಗೊಂದು. ನಾವು ಸಂತೋಷದಿಂದ ಒತ್ತಿದೆವು. ಅಮ್ಮಂದಿರ ಸೊಂಟ ಉಳಿಯಿತು, ವಾಂತಿಭೇದಿಯ ಭಯ ಕಡಿಮೆಯಾಯಿತು. ಅದನ್ನು ನಾವು ಸುಳ್ಳು ಎನ್ನುವುದಿಲ್ಲ. ಆದರೆ ಅಸ್ಪೃಶ್ಯತೆಯನ್ನು ಮುಟ್ಟದೆಯೇ ನೀರಿನ ಪ್ರಶ್ನೆ ಬಗೆಹರಿಯಿತು ಎಂದು ಸರ್ಕಾರ ಕೈ ತೊಳೆದುಕೊಂಡಿತು. ಪಂಪಿನ ಕೊಳವೆ ಇಳಿದದ್ದು ಮೇಲಿನ ಪದರವನ್ನು ದಾಟಿ ಗಟ್ಟಿ ಕಲ್ಲಿನ ಬಿರುಕಿಗೆ. ಕಲ್ಲಿನ ಜೊತೆ ಬಹಳ ಕಾಲ ಸಂಸಾರ ಮಾಡಿದ ನೀರಿಗೆ. ಊರ ಬಾವಿಯ ಮೇಲುನೀರು ಕೊಡಲಾರದೆ ನಮಗೆ ಕಲ್ಲಿನ ನೀರು ಕೊಟ್ಟರು.

ಆಮೇಲೆ ಬಂದದ್ದು ಮೋಟರು. ಒಬ್ಬರು 200 ಅಡಿ ಕೊರೆದರೆ ಪಕ್ಕದವರು 400. ಮಳೆ ಕೈಕೊಟ್ಟ ವರ್ಷ 800. ಹಣ ಇದ್ದವನು ಕೊರೆದ, ಸಾಲ ಸಿಕ್ಕವನು ಕೊರೆದ. ತೆಂಗು, ಆಲೂಗೆಡ್ಡೆ, ಶುಂಠಿ, ಅರಕಲಗೂಡಿನ ಹೊಗೆಸೊಪ್ಪು. ಬೆಳೆ ಬೆಳೆಯಲಿ, ನಮಗೆ ಹೊಟ್ಟೆಯುರಿಯಿಲ್ಲ; ಆ ಹೊಲಗಳಲ್ಲಿ ಕೂಲಿಗೆ ಹೋಗುವವರು ನಾವೇ. ಆದರೆ ಕಾನೂನು ಏನು ಹೇಳುತ್ತದೆ ಗೊತ್ತೆ? 1882ರ ಬ್ರಿಟಿಷರ ಕಾಲದ ಈಸ್‌ಮೆಂಟ್ ಕಾಯ್ದೆಯ ನೆರಳಿನಲ್ಲಿ, ಜಮೀನು ಯಾರದೋ ಅದರಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಅವನದೇ. ಹಾಗಾದರೆ ಜಮೀನೇ ಇಲ್ಲದವನಿಗೆ? ಅವನಿಗೆ ಭೂಮಿಯ ಮೇಲೂ ಏನಿಲ್ಲ, ಭೂಮಿಯ ಒಳಗೂ ಏನಿಲ್ಲ. ರಾಜ್ಯದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲಗಳನ್ನು ಕಾಯಲು ಒಂದು ಕಾಯ್ದೆ ಬಂತು: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಯಾರೂ ಬಾವಿ ತೋಡಕೂಡದು. 2011ರಲ್ಲಿ ಅಂತರ್ಜಲಕ್ಕೇ ಇನ್ನೊಂದು ಕಾಯ್ದೆ ಬಂತು. ನಿಮ್ಮ ಕೇರಿಯ ಬೋರಿನ ಸುತ್ತ 500 ಮೀಟರ್ ಹಗ್ಗ ಹಿಡಿದು ಅಳೆದು ನೋಡಿ. ಎಷ್ಟು ಮೋಟರು ಸಿಗುತ್ತವೆ ಎಣಿಸಿ. ಕೇಳಿದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ವಿಚಾರಿಸಿ.

ಹೇಮಾವತಿಯ ಮಾತೂ ಇಷ್ಟೇ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿಯಿತು, 37 ಟಿಎಂಸಿ ನೀರು ನಿಂತಿತು. ಕಾಲುವೆ ಹರಿಯುವ ಕಡೆ ಮೇಲುನೀರು ಇಂಗಿ ಸುತ್ತಲ ಬಾವಿಯ ಲವಣ ತಿಳಿಯಾಗುತ್ತದೆ. ಹೊಳೆಯ ಸಿಹಿನೀರು ಮಲೆನಾಡಿನ ಮಳೆ. ಅದನ್ನು ಒಣ ಸೀಮೆಗೆ ತಂದರೆ ಹವಾಮಾನವನ್ನೇ ಒಂದಷ್ಟು ತಿದ್ದಿದ ಹಾಗೆ. ಬಾಗೂರು-ನವಿಲೆಯ ಬಳಿ ಬಂಡೆಯೊಳಗೆ ಸುರಂಗ ಕೊರೆದು ಅದೇ ನೀರನ್ನು ತುಮಕೂರು ಕಡೆಗೆ ಒಯ್ದಿದ್ದಾರೆ. ತುಮಕೂರಿನವರೂ ಕುಡಿಯಲಿ, ನಾವು ಬೇಡ ಎನ್ನುವುದಿಲ್ಲ. ನಮ್ಮ ಪ್ರಶ್ನೆ ಬೇರೆ: ಬಂಡೆ ಕೊರೆದು ಇನ್ನೊಂದು ಜಿಲ್ಲೆಗೆ ನೀರು ಒಯ್ಯಲು ಗೊತ್ತಿರುವ ಸರ್ಕಾರಕ್ಕೆ, ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಕೇರಿಯ ತೊಂಬೆಗೆ ಹೊಳೆ ನೀರು ಮುಟ್ಟಿಸುವಾಗ ಮಾತ್ರ ಹವಾಮಾನ ಅಡ್ಡ ಬರುತ್ತದೆಯೇ?

ಯಾರ ಹೊಟ್ಟೆಯ ಲೆಕ್ಕ?

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಇದು ಭಾರತೀಯ ಮಾನಕ ಸಂಸ್ಥೆಯ ಅಳತೆ. ವರದಿಯಲ್ಲಿ 1.4 ಬಂತೆಂದರೆ ಅಧಿಕಾರಿ "ಮಿತಿಯೊಳಗಿದೆ" ಎಂದು ಸಹಿ ಹಾಕುತ್ತಾರೆ. ಮಿತಿ ಯಾರ ಹೊಟ್ಟೆಗೆ?

ಫ್ಯಾನಿನ ಕೆಳಗೆ ಕೂತ ಅಧಿಕಾರಿ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾರೆ ಎಂದಿಟ್ಟುಕೊಳ್ಳಿ. 1.5ರ ನೀರಾದರೆ ಒಳಗೆ ಹೋದದ್ದು 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಒಡೆಯುವ, ಶುಂಠಿ ಹೊಲದಲ್ಲಿ ಮಣ್ಣು ಏರಿಸುವ ನಮ್ಮ ಅಪ್ಪ ಅಮ್ಮ ಆರು ಲೀಟರ್ ಕುಡಿಯುತ್ತಾರೆ. ಅದೇ ನೀರು, 9 ಮಿಲಿಗ್ರಾಂ. ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯವಿರಬಹುದೆಂಬ ಸೂಚನೆಯಿದೆ, 14 ತಲುಪಿದರೆ ಅಪಾಯ ಸ್ಪಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಲ್ಲಿನ ಕಲೆ ಮುಂದೆ ಮೂಳೆಗೆ ಇಳಿಯುತ್ತದೆ. ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ, ಕುತ್ತಿಗೆ ತಿರುಗುವುದಿಲ್ಲ. ನಲವತ್ತೈದಕ್ಕೇ ಗೂನಾದ ಅಪ್ಪನನ್ನು ನೋಡಿ "ವಯಸ್ಸಾಯ್ತು ಬುಡು" ಎನ್ನುತ್ತೇವಲ್ಲ, ಎಲ್ಲವೂ ವಯಸ್ಸೇ ಇರಲಾರದು. ಯಾವುದು ನೀರು, ಯಾವುದು ವಯಸ್ಸು, ಯಾವುದು ಕೂಲಿ ಎಂದು ಆಸ್ಪತ್ರೆಯಲ್ಲಿ ನೋಡಬೇಕು.

ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ 1962ರಲ್ಲೇ ನೀರಿನ ಫ್ಲೋರೈಡ್ ಅಳತೆಯನ್ನು ಊರಿನ ಬಿಸಿಲಿಗೆ ತಕ್ಕಂತೆ ಇಟ್ಟಿತ್ತು. ತಂಪು ಊರಿಗೆ 1.2, ಸೆಕೆಯ ಊರಿಗೆ ಇಳಿಸಿ 0.7. ಸೆಕೆಯಲ್ಲಿ ಜನ ಹೆಚ್ಚು ನೀರು ಕುಡಿಯುತ್ತಾರೆ ಎಂಬ ಸರಳ ಕಾರಣ. ಅಂದರೆ ಹವಾಮಾನ ನೀರಿನ ರಸಾಯನವನ್ನು ಮಾತ್ರವಲ್ಲ, ಅದು ಯಾರ ಮೈಗೆ ಎಷ್ಟು ಇಳಿಯುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ. ಬಿಸಿಲಿನಲ್ಲಿ ದುಡಿಯುವವರು ಯಾರು ಎಂಬುದನ್ನು ಮಾತ್ರ ಹವಾಮಾನ ನಿರ್ಧರಿಸಲಿಲ್ಲ. ಅದನ್ನು ನಿರ್ಧರಿಸಿದವರ ವಿಳಾಸ ನಮಗೆ ಗೊತ್ತು.

ಅನ್ನದ ತಾಟೂ ಇದರಲ್ಲಿ ಸೇರಿದೆ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡಿನ ಒಂದಷ್ಟು ಭಾಗ ಮೈಗೆ ಸೇರದೆ ಹೊರಗೆ ಹೋಗುತ್ತದೆ. ರಾಗಿಯಲ್ಲಿ ಅದು ಧಾರಾಳ, ಹಾಲಿನಲ್ಲಿ ಇದೆ, ಸೊಪ್ಪಿನಲ್ಲಿ ಇದೆ. ಹಾಲು ಡೇರಿಗೆ ಹೋಗುವ ಮನೆ, ತಟ್ಟೆಯಲ್ಲಿ ಬರೀ ಅನ್ನ-ತಿಳಿಸಾರು ಬೀಳುವ ಮನೆ ಯಾವುದು? ಹಾಸ್ಟೆಲ್ಲಿನಲ್ಲಿ ಮುದ್ದೆ, ಸೊಪ್ಪು, ಹಾಲು ಕೇಳುವುದು ನಾಲಿಗೆಯ ಚಪಲ ಎಂದು ವಾರ್ಡನ್ನರು ಅಂದುಕೊಂಡಿದ್ದರೆ ತಿಳಿಸಿ ಹೇಳಿ: ಇದು ಮೂಳೆಯ ಪ್ರಶ್ನೆ.

ಬರ ಬಂದರೊಂದು, ಮಳೆ ಬಂದರೊಂದು

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಬರ ಎಂದರೆ ನೀರಿನ ಕೊರತೆ ಎಂದಷ್ಟೇ ಲೆಕ್ಕ ಹಾಕಿದರು: ಎಷ್ಟು ಟ್ಯಾಂಕರು, ಎಷ್ಟು ಹೊಸ ಬೋರು. ಬರದಲ್ಲಿ ನೀರಿನ ಗುಣವೂ ಕೆಡುತ್ತದೆ. ಮೇಲುನೀರು ಬತ್ತಿದ ಮೇಲೆ ಮೋಟರು ಎಳೆಯುವುದು ಆಳದ ಹಳೆಯ ನೀರನ್ನು. ತಿಳಿ ಮಾಡಲು ಹೊಸ ಮಳೆನೀರು ಇರುವುದಿಲ್ಲ. ಬರದ ವರ್ಷ ತುರ್ತಾಗಿ ಕೊರೆದ ಬೋರಿನ ನೀರನ್ನು ಪರೀಕ್ಷೆಯಿಲ್ಲದೆ ಕೊಳಾಯಿಗೆ ಸೇರಿಸಿದರೆ ಅದನ್ನು ಪರಿಹಾರ ಎನ್ನುವುದೋ, ನಿಧಾನದ ವಿಷ ಎನ್ನುವುದೋ?

ಮಳೆ ಬಂದರೆ ಎಲ್ಲ ಸರಿಹೋಯಿತು ಎನ್ನುವ ಹಾಗೂ ಇಲ್ಲ. ಬೇಸಿಗೆಯೆಲ್ಲ ಮಣ್ಣಿನಲ್ಲಿ ಕೂತ ಉಪ್ಪು, ತಿಪ್ಪೆಯ ರಸ, ಗುಂಡಿ ಕಕ್ಕಸಿನ ಸೋರಿಕೆ, ಹೊಲಕ್ಕೆ ಸುರಿದ ಯೂರಿಯ ಎಲ್ಲವನ್ನೂ ಮೊದಲ ಮಳೆ ಕೆಳಕ್ಕೆ ತಳ್ಳುತ್ತದೆ. ಬಾವಿಯಲ್ಲಿ ನೈಟ್ರೇಟ್ ಏರುತ್ತದೆ. ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆ ಕೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್, ನೈಟ್ರೇಟ್ ಸಾಯುವ ಜೀವಿಗಳಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಇಷ್ಟಕ್ಕೂ ಊರಿನ ಚರಂಡಿ, ಊರಿನ ತಿಪ್ಪೆ ಯಾವ ದಿಕ್ಕಿಗೆ ಇಳಿಯುತ್ತವೆ? ಕೇರಿ ಯಾವ ದಿಕ್ಕಿಗೆ ಇದೆ? ನೋಡಿಕೊಳ್ಳಿ.

ಹೀಗಿರುವಾಗ ವರ್ಷಕ್ಕೊಮ್ಮೆ ಯಾವುದೋ ಅನುಕೂಲದ ತಿಂಗಳಲ್ಲಿ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ "ಚೆನ್ನಾಗಿದೆ" ಎಂದು ಬರೆದರೆ ನಾವು ಒಪ್ಪಬೇಕೆ? ನೀರಿನ ರಸಾಯನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಹೇಳುವ ಇಲಾಖೆಯೇ ಒಂದು ಕಾಲದ ಪರೀಕ್ಷೆಯನ್ನು ವರ್ಷಕ್ಕೆಲ್ಲ ಹಚ್ಚುತ್ತದೆ. ಹವಾಮಾನ ಅವರಿಗೆ ನೆನಪಾಗುವುದು ಸಬೂಬು ಹೇಳುವಾಗ, ಪರೀಕ್ಷೆ ಮಾಡುವಾಗಲ್ಲ.

ಶುದ್ಧ ನೀರಿನ ಘಟಕ ಬಂದಿದೆಯಲ್ಲ ಎನ್ನುತ್ತೀರಿ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಯಂತ್ರ. ಅದು ಕೆಲಸ ಮಾಡಿದಾಗ ಫ್ಲೋರೈಡ್ ತೆಗೆಯುತ್ತದೆ, ನಿಜ. ಅದು ಊರ ಮಧ್ಯೆ ಇದೆಯೋ, ಕೇರಿಗೆ ಹತ್ತಿರವಿದೆಯೋ? ಕೆಟ್ಟರೆ ಎಷ್ಟು ತಿಂಗಳಿಗೆ ರಿಪೇರಿ? ಸೈಕಲ್ಲೂ ಇಲ್ಲದ ಅಜ್ಜಿ ಇಪ್ಪತ್ತು ಲೀಟರಿನ ಕ್ಯಾನು ಹೇಗೆ ಹೊರುತ್ತಾಳೆ? ಘಟಕ ಸೋಸಿ ಬಿಟ್ಟ ಉಪ್ಪುನೀರು ಯಾವ ಚರಂಡಿಗೆ ಹೋಗುತ್ತದೆ? ಹಿಂದೆ ಜಾತಿ ಕೇಳಿ ನೀರು ಕೊಡುತ್ತಿದ್ದರು, ಈಗ ನಾಣ್ಯ ಕೇಳುತ್ತಾರೆ. ನಾಣ್ಯ ಇಲ್ಲದವರು ಬಹುಪಾಲು ಅದೇ ಹಳೆಯ ಜನ.

ಮಹಾಡಿನ ನೆನಪು

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಸಾವಿರಾರು ಜನರೊಂದಿಗೆ ಹೋಗಿ ನೀರು ಮುಟ್ಟಿದರು, ಕುಡಿದರು. ಆಮೇಲೆ ಸವರ್ಣರು ಏನು ಮಾಡಿದರು? 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಕೆರೆಗೆ ಸುರಿದು ಶುದ್ಧಿ ಮಾಡಿದರು! ರಸಾಯನಶಾಸ್ತ್ರ ಓದುವ ತಮ್ಮಂದಿರೇ, ತಂಗಿಯರೇ, ಸಗಣಿ-ಗಂಜಲ ಬಿದ್ದ ನೀರಿನಲ್ಲಿ ಏನು ಏರುತ್ತದೆ ಹೇಳಿ. ಶುದ್ಧಿ ಎಂದು ಕೂಗುತ್ತಾ ನೀರು ಕೆಡಿಸಿದವರು ಅವರು. ಕೆರೆಯ ಮೇಲಿನ ನಮ್ಮ ಹಕ್ಕನ್ನು ಬೊಂಬಾಯಿ ಹೈಕೋರ್ಟು ಎತ್ತಿಹಿಡಿಯಲು 1937ರ ತನಕ ಕಾಯಬೇಕಾಯಿತು.

ಮಹಾಡಿನ ಹೋರಾಟ ನೀರನ್ನು ಮುಟ್ಟುವ ಹಕ್ಕಿಗೆ. ಇಂದಿನ ಹೋರಾಟ ಆ ನೀರಿನೊಳಗೆ ಏನಿದೆ ಎಂದು ತಿಳಿಯುವ ಹಕ್ಕಿಗೂ ಆಗಬೇಕು. ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ದೇವಸ್ಥಾನದ ಬಾಗಿಲಿಗೆ ಹೋದೆವು, ಹೋಟೆಲಿನ ಲೋಟಕ್ಕೆ ಜಗಳ ಮಾಡಿದೆವು, ಅವು ಆಗಲೇಬೇಕಿತ್ತು. ಆದರೆ ಕೇರಿಯ ಬೋರಿನ ವರದಿ ತೋರಿಸಿ ಎಂದು ಪಂಚಾಯ್ತಿ ಮುಂದೆ ಕೂತ ದಿನ ಎಷ್ಟು? ಗೆಳೆಯನ ಹಲ್ಲು ನೋಡಿ ನಕ್ಕವರು ನಾವು.

ಆದ್ದರಿಂದ ಗೆಳೆಯರೇ, ರಜೆಗೆ ಊರಿಗೆ ಹೋಗುವ ಮೊದಲು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ:

1. ವರ್ಷಕ್ಕೆ ಎರಡು ದಿನ ಕೇರಿಯ ನೀರಿನ ಪರೀಕ್ಷೆ ಆಗಬೇಕು. ಏಪ್ರಿಲ್ 14 ಮತ್ತು ಡಿಸೆಂಬರ್ 6. ಒಂದು ಬಿರುಬೇಸಿಗೆ, ಅಂತರ್ಜಲ ಆಳಕ್ಕಿಳಿದಿರುವ ಕಾಲ. ಇನ್ನೊಂದು ಮಳೆಗಾಲ ಮುಗಿದ ಕಾಲ. ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿದ ಮೇಲೆ ನೀರಿನ ಬಾಟಲಿ ಹಿಡಿದು ಹೊರಡಿ. ಸಾಧ್ಯವಾದರೆ ಮೊದಲ ಮಳೆಯ ನಂತರ ಮತ್ತೊಮ್ಮೆ, ನೈಟ್ರೇಟಿಗಾಗಿ.

2. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ಟು ಕೊಟ್ಟು ಕಲಿಸಬೇಕು ಎಂದಿದೆ. ಆ ಐವರು ಯಾರು, ಕೇರಿಯವರು ಅದರಲ್ಲಿ ಇದ್ದಾರೆಯೇ, ಕಿಟ್ಟು ಯಾರ ಬೀರುವಿನಲ್ಲಿದೆ, ಕೇಳಿ.

3. ಕೇರಿಯ ಬೋರು, ಊರಿನ ಬೋರು, ಶಾಲೆಯ ಬೋರು, ಹಾಸ್ಟೆಲ್ಲಿನ ಬೋರು. ಪ್ರತಿಯೊಂದರ ಆಳ, ಫ್ಲೋರೈಡ್, ನೈಟ್ರೇಟ್, ಗಡಸುತನ ಬೇರೆ ಬೇರೆಯಾಗಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಗೋಡೆಯ ಮೇಲೆ ಬರೆಸಬೇಕು. ಹಾಸ್ಟೆಲ್ಲಿನದನ್ನು ನಾವೇ ಮೊದಲು ಶುರು ಮಾಡೋಣ.

4. ಬಿಎಸ್ಸಿ ಓದುವವರು ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟು ಹಿಡಿದು ನೀರಿನ ಗಡಸುತನ ಅಳೆಯುತ್ತೀರಿ. ಮುಂದಿನ ಸಲ ನಿಮ್ಮ ಕೇರಿಯ ನೀರನ್ನೇ ಬಾಟಲಿಯಲ್ಲಿ ತಂದು ಅಳೆಯಿರಿ. ಮಾರ್ಕೂ ಬರುತ್ತದೆ, ಅಮ್ಮನಿಗೆ ಹೇಳಲು ಒಂದು ಮಾತೂ ಸಿಗುತ್ತದೆ.

5. ಫ್ಲೋರೈಡ್ ಹೆಚ್ಚಿರುವ ಕೇರಿಗೆ ಇನ್ನೊಂದು ಆಳದ ಬೋರು ಬೇಡ, ಹೊಳೆ ನೀರು ಬೇಕು. ಅದು ಬರುವ ತನಕ ಕುಡಿಯಲು ಅಡುಗೆಗೆ ಸೋಸಿದ ನೀರು ಪುಕ್ಕಟೆ ಕೊಡಬೇಕು. ಪಟಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ಕಂಡುಹಿಡಿದಿದೆ. ವಿದ್ಯೆ ಇಲ್ಲದೆ ನಿಂತ ಕೆಲಸವಲ್ಲ ಇದು.

6. ಒತ್ತುವರಿಯಾದ ಕೆರೆ ಬಿಡಿಸಿ ಹೂಳು ಎತ್ತಬೇಕು. ಕೆರೆಯಲ್ಲಿ ಮಳೆನೀರು ಇಂಗಿದರೆ ಕೆಳಗಿನ ಬಾವಿಗಳ ನೀರು ತಿಳಿಯಾಗುತ್ತದೆ. ಆ ಬಾವಿಗಳಲ್ಲಿ ಎಲ್ಲರ ಕೊಡವೂ ಇಳಿಯಬೇಕು. ನಾವು ಸೇದುವ ನೀರಿನ ಮೂಲವನ್ನು ಯಾರಾದರೂ ಬೇಕೆಂದೇ ಕೆಡಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಅಪರಾಧ. ದೂರು ಬರೆಯಲು ಹಿಂಜರಿಯಬೇಡಿ.

ಇನ್ನು ಆ ಹುಡುಗನ ಮಾತು. ಮೊನ್ನೆ ರಾತ್ರಿ ಊಟವಾದ ಮೇಲೆ ಹಾಸ್ಟೆಲ್ಲಿನ ಅಂಗಳದಲ್ಲಿ ಕೂತು ಇದನ್ನೆಲ್ಲ ಅವನಿಗೆ ಹೇಳಿದೆವು. ನಾವು ನಕ್ಕದ್ದಕ್ಕೆ ತಪ್ಪಾಯಿತು ಎಂದೂ ಹೇಳಿದೆವು. ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹಂಗಾದ್ರೆ ನಮ್ ತಂಗೀಗೆ ಈಗ ನಾಕ್ ವರ್ಷ. ಅವಳ್ ಹಲ್ಲು?"

ಅವನ ಹಲ್ಲಿಗೆ ನಮ್ಮಲ್ಲಿ ಮದ್ದಿಲ್ಲ. ಅವನ ತಂಗಿಯ ಹೊಸ ಹಲ್ಲು ಇನ್ನೂ ಒಸಡಿನೊಳಗೇ ಇದೆ. ನೀರು ಬದಲಾದರೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲುಗಳಿಗಾದರೂ ಕಲೆ ಕಡಿಮೆಯಾಗಬಹುದು. ಅದಕ್ಕೆ ಉಳಿದಿರುವುದು ಮೂರ್‍ನಾಲ್ಕು ವರ್ಷ. ಇಲಾಖೆ ಹವಾಮಾನ ಸುಧಾರಿಸಲಿ ಎಂದು ಕಾಯಬಹುದು, ನಾವು ಕಾಯುವ ಹಾಗಿಲ್ಲ.

ಏಪ್ರಿಲ್ 14ಕ್ಕೆ ಬಾಟಲಿ ತೊಳೆದು ಇಟ್ಟುಕೊಳ್ಳಿ.

ಜೈ ಭೀಮ್.